ನೆತ್ತಿಗೆ ಹತ್ತಿದ್ದಲ್ಲ, ಶ್ವಾಸಕೋಶಕ್ಕೆ ಇಳಿದದ್ದು

*ಆಸ್ಪತ್ರೆಯ ಹಾಸಿಗೆಯ ಮೇಲೆ ಸದ್ದಿಲ್ಲದೆ ಜೀವ ತೆಗೆಯುವ 'ಆಸ್ಪಿರೇಷನ್': ತಡೆಯುವ ಹೊಣೆ ಯಾರದು?*

ಊಟದ ನಡುವೆ ನೀರು ಗಂಟಲಲ್ಲಿ ದಾರಿ ತಪ್ಪಿ ಕೆಮ್ಮು ಒತ್ತರಿಸಿ ಬಂದರೆ ಕನ್ನಡಿಗರ ಮನೆಗಳಲ್ಲಿ ಕೇಳಿಬರುವ ಮಾತು 'ನೆತ್ತಿಗೆ ಹತ್ತಿತು' ಎಂಬುದು. ಪಕ್ಕದಲ್ಲಿದ್ದವರು ನೆತ್ತಿ ತಟ್ಟುತ್ತಾರೆ. ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಎಂದು ನಗುತ್ತಾರೆ. ಎರಡು ನಿಮಿಷದಲ್ಲಿ ಎಲ್ಲವೂ ಸರಿಹೋಗುತ್ತದೆ. ಆರೋಗ್ಯವಂತರ ಪಾಲಿಗೆ ಅದು ಅಲ್ಲಿಗೇ ಮುಗಿಯುವ ಸಂಗತಿ.

ಆದರೆ ಅದೇ ಗುಟುಕು, ಪಾರ್ಶ್ವವಾಯು ಬಡಿದು ಆಸ್ಪತ್ರೆ ಸೇರಿದ ವೃದ್ಧರೊಬ್ಬರ ಗಂಟಲಿಗೆ ಇಳಿದಾಗ ಕಥೆಯೇ ಬೇರೆ. ರಾಜ್ಯದ ಯಾವುದೇ ದೊಡ್ಡಾಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಬೆಳಗಿನ ಹೊತ್ತು ಕಾಣಸಿಗುವ ನೋಟವಿದು: ಅಂಗಾತ ಮಲಗಿದ ರೋಗಿ, ಪಕ್ಕದ ಸ್ಟೂಲಿನ ಮೇಲೆ ಕುಳಿತ ಮಗಳು ಅಥವಾ ಸೊಸೆ, ಒಂದು ಕೈಯಲ್ಲಿ ಹಾಲಿನ ಲೋಟ, ಇನ್ನೊಂದು ಕೈಯಲ್ಲಿ ಚಮಚ. 'ನಿನ್ನೆಯಿಂದ ಏನೂ ತಿಂದಿಲ್ಲ' ಎಂಬ ಸಂಕಟದಿಂದ ಚಮಚ ಬಾಯಿಗೆ ಹೋಗುತ್ತದೆ. ಅರ್ಧ ಹಾಲು ತುಟಿಯಂಚಿನಿಂದ ಹೊರಕ್ಕೆ ಹರಿಯುತ್ತದೆ. ಉಳಿದರ್ಧ ಎಲ್ಲಿಗೆ ಹೋಯಿತೆಂದು ಯಾರೂ ಕೇಳುವುದಿಲ್ಲ. ಮೂರನೆಯ ದಿನ ಜ್ವರ, ನಾಲ್ಕನೆಯ ದಿನ ಏದುಸಿರು, ಐದನೆಯ ದಿನ ತೀವ್ರ ನಿಗಾ ಘಟಕ. 'ಬಂದ ಕಾಯಿಲೆ ಒಂದು, ಹೋದದ್ದು ಇನ್ನೊಂದರಿಂದ' ಎಂದು ಮನೆಯವರು ಹಣೆಬರಹವನ್ನು ಹಳಿಯುತ್ತಾರೆ.

ವೈದ್ಯರ ಭಾಷೆಯಲ್ಲಿ ಇದರ ಹೆಸರು 'ಪಲ್ಮನರಿ ಆಸ್ಪಿರೇಷನ್'. ಆಹಾರ, ನೀರು, ಜೊಲ್ಲು ಅಥವಾ ಜಠರದ ದ್ರವ ಅನ್ನನಾಳದ ಬದಲು ಶ್ವಾಸನಾಳವನ್ನು ಹೊಕ್ಕು ಶ್ವಾಸಕೋಶ ಸೇರುವುದು. ಇದನ್ನು ಬಹುಮಟ್ಟಿಗೆ ತಡೆಯಲು ಕೋಟಿ ರೂಪಾಯಿಯ ಯಂತ್ರಗಳೇನೂ ಬೇಕಿಲ್ಲ. ಮಂಚದ ತಲೆಭಾಗವನ್ನು ಎತ್ತುವ ಹಿಡಿಕೆ, ಒಂದು ಲೋಟ ನೀರಿನ ಪರೀಕ್ಷೆ, ಒಂದು ಹಲ್ಲುಜ್ಜುವ ಬ್ರಷ್ ಇದ್ದರೆ ಅರ್ಧ ಕೆಲಸ ಮುಗಿದಂತೆ. ಆದರೆ ಈ ಮೂರನ್ನೂ ಬಳಸಬೇಕಾದ ಕೈ ಯಾವುದು ಎಂಬುದು ಮಾತ್ರ ನಮ್ಮ ಆಸ್ಪತ್ರೆಗಳಲ್ಲಿ ಇನ್ನೂ ತೀರ್ಮಾನವಾಗದ ಪ್ರಶ್ನೆಯಾಗಿಯೇ ಉಳಿದಿದೆ.

ದಾರಿ ತಪ್ಪುವುದು ಹೇಗೆ?

ಗಂಟಲು ಒಂದು ಕೂಡುದಾರಿ. ಉಸಿರಿಗೂ ಅನ್ನಕ್ಕೂ ಅಲ್ಲಿ ಒಂದೇ ಹಾದಿ. ನುಂಗುವ ಕ್ಷಣದಲ್ಲಿ ಧ್ವನಿಪೆಟ್ಟಿಗೆ ಮೇಲಕ್ಕೆ ಸರಿಯುತ್ತದೆ, ಅದರ ಮೇಲಿನ ಮುಚ್ಚಳ ಬಾಗಿ ಶ್ವಾಸನಾಳವನ್ನು ಮರೆಮಾಡುತ್ತದೆ, ಉಸಿರು ಒಂದರೆಕ್ಷಣ ನಿಲ್ಲುತ್ತದೆ. ಅಷ್ಟರಲ್ಲಿ ತುತ್ತು ಅನ್ನನಾಳಕ್ಕೆ ಜಾರಿರುತ್ತದೆ. ಈ ಇಡೀ ವ್ಯವಹಾರವನ್ನು ನಡೆಸುವುದು ಮಿದುಳು. ಲೆಕ್ಕ ಎಲ್ಲೋ ತಪ್ಪಿದರೆ ಕೆಮ್ಮು ಎಂಬ ಕಾವಲುಗಾರ ಇದ್ದೇ ಇದ್ದಾನೆ.

ಪಾರ್ಶ್ವವಾಯು, ಪಾರ್ಕಿನ್ಸನ್, ಮರೆಗುಳಿತನದಂತಹ ಕಾಯಿಲೆಗಳಲ್ಲಿ ಈ ಹೊಂದಾಣಿಕೆ ಕೆಡುತ್ತದೆ. ಅಪಸ್ಮಾರದ ನಂತರದ ಮಂಪರು, ತಲೆಗೆ ಬಿದ್ದ ಪೆಟ್ಟು, ಮದ್ಯದ ಅಮಲು, ವಿಷಪ್ರಾಶನ, ನಿದ್ರೆಗುಳಿಗೆ ಮತ್ತು ಅರಿವಳಿಕೆಗಳಲ್ಲಿ ಕಾವಲುಗಾರನೇ ಮಲಗಿಬಿಡುತ್ತಾನೆ. ದಿನಗಟ್ಟಲೆ ವೆಂಟಿಲೇಟರ್ ನಳಿಕೆ ಇದ್ದು ಆಗಷ್ಟೇ ತೆಗೆಸಿಕೊಂಡವರ ಗಂಟಲೂ ಕೆಲಕಾಲ ಜಡವಾಗಿರುತ್ತದೆ. ಬಲಭಾಗದ ಶ್ವಾಸನಾಳ ಎಡಗಡೆಯದಕ್ಕಿಂತ ಅಗಲವಾಗಿ, ನೇರವಾಗಿ ಇರುವುದರಿಂದ ತಪ್ಪಿ ಇಳಿದ ಪದಾರ್ಥ ಬಲ ಶ್ವಾಸಕೋಶವನ್ನು ಸೇರುವುದೇ ಹೆಚ್ಚು. ಎಕ್ಸ್‌ರೇಯಲ್ಲಿ ಆ ಭಾಗದಲ್ಲಿ ಕಾಣುವ ಮಬ್ಬು ವೈದ್ಯರಿಗೆ ಮೊದಲ ಸುಳಿವು.

ಇಲ್ಲಿ ಎರಡು ಬೇರೆ ಬೇರೆ ಕಾಯಿಲೆಗಳಿವೆ ಎಂಬುದನ್ನು ಗಮನಿಸಬೇಕು. ಅಮೆರಿಕದ ಪ್ರಸೂತಿ ತಜ್ಞ ಕರ್ಟಿಸ್ ಮೆಂಡೆಲ್ಸನ್ 1946ರಲ್ಲಿ ಇವುಗಳಲ್ಲಿ ಒಂದನ್ನು ಸ್ಪಷ್ಟವಾಗಿ ವಿವರಿಸಿದರು. ನ್ಯೂಯಾರ್ಕಿನ ಹೆರಿಗೆ ಆಸ್ಪತ್ರೆಯೊಂದರಲ್ಲಿ 1932ರಿಂದ 1945ರವರೆಗಿನ 44,016 ಪ್ರಕರಣಗಳನ್ನು ಅವರು ಪರಿಶೀಲಿಸಿದಾಗ 66 ಮಹಿಳೆಯರಲ್ಲಿ ಅರಿವಳಿಕೆಯ ವೇಳೆ ಜಠರದ ಪದಾರ್ಥ ಶ್ವಾಸಕೋಶ ಸೇರಿದ್ದು ಕಂಡುಬಂತು. ಗಟ್ಟಿ ಆಹಾರ ಸಿಲುಕಿದವರ ಪೈಕಿ ಇಬ್ಬರು ಉಸಿರುಕಟ್ಟಿ ಸತ್ತರು. ದ್ರವ ಇಳಿದವರಲ್ಲಿ ಉಬ್ಬಸದಂತಹ ತೀವ್ರ ತೊಂದರೆ ತಲೆದೋರಿತು. ಮೊಲಗಳ ಮೇಲೆ ಪ್ರಯೋಗ ನಡೆಸಿದ ಮೆಂಡೆಲ್ಸನ್, ಹಾನಿಯ ಮೂಲ ಜಠರದ ಆಮ್ಲ ಎಂದು ತೋರಿಸಿಕೊಟ್ಟರು.

ಹೀಗೆ ಆಮ್ಲ ಸುಟ್ಟು ಉಂಟಾಗುವ ಉರಿಯೂತ ಕೆಲವೇ ಗಂಟೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಅದರಲ್ಲಿ ಆರಂಭದಲ್ಲಿ ರೋಗಾಣುವಿನ ಪಾತ್ರವಿಲ್ಲ. ಇನ್ನೊಂದು ಬಗೆಯದು ಬಾಯಿ ಮತ್ತು ಗಂಟಲಿನಲ್ಲಿ ಬೆಳೆದ ಬ್ಯಾಕ್ಟೀರಿಯಾಗಳು ಜೊಲ್ಲಿನೊಂದಿಗೆ, ಅನ್ನದೊಂದಿಗೆ ಕೆಳಗಿಳಿದು ಎರಡು ಮೂರು ದಿನಗಳಲ್ಲಿ ಎಬ್ಬಿಸುವ ನ್ಯುಮೋನಿಯಾ. ಮೊದಲನೆಯದು ಶಸ್ತ್ರಚಿಕಿತ್ಸಾ ಕೊಠಡಿಯ ಶತ್ರು, ಎರಡನೆಯದು ವಾರ್ಡಿನ ಶತ್ರು ಎನ್ನಬಹುದು. ಚಿಕಿತ್ಸೆಯೂ ಬೇರೆ, ತಡೆಯುವ ಬಗೆಯೂ ಬೇರೆ.

ನಾಲ್ಕೂವರೆ ಗಂಟೆಯ ನಂತರದ ಪ್ರಶ್ನೆ

ಪಾರ್ಶ್ವವಾಯುವಿನ ಬಗ್ಗೆ ಕಳೆದ ಕೆಲ ವರ್ಷಗಳಲ್ಲಿ ರಾಜ್ಯದಲ್ಲಿ ಸಾಕಷ್ಟು ಜಾಗೃತಿ ಮೂಡಿದೆ. ಮುಖ ಸೊಟ್ಟಗಾದರೆ, ಕೈ ಬಿದ್ದುಹೋದರೆ, ಮಾತು ತೊದಲಿದರೆ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು ಎಂಬುದು ನಗರದ ಓದುಗರಿಗೆ ಹೊಸ ವಿಷಯವಲ್ಲ. ಹೆಪ್ಪು ಕರಗಿಸುವ ಚುಚ್ಚುಮದ್ದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಸಿಗಬೇಕು ಎಂಬ ಸಂದೇಶವೂ ತಲುಪಿದೆ. ನಿಮ್ಹಾನ್ಸ್ ಸಹಯೋಗದಲ್ಲಿ ಸರ್ಕಾರ 2022ರಲ್ಲಿ ಕೈಗೆತ್ತಿಕೊಂಡ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್, ಮಿದುಳಿನ ಕಾಯಿಲೆಗಳ ಆರೈಕೆಯನ್ನು ಬೆಂಗಳೂರಿನ ಆಚೆಗೂ ಒಯ್ಯುವ ಸ್ವಾಗತಾರ್ಹ ಹೆಜ್ಜೆ.

ಆದರೆ ನಾಲ್ಕೂವರೆ ಗಂಟೆಯ ಓಟದಲ್ಲಿ ಗೆದ್ದವರು ನಾಲ್ಕನೆಯ ದಿನ ಸೋಲುವುದುಂಟು. ಪಾರ್ಶ್ವವಾಯು ತಗುಲಿದವರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿಗೆ ಆರಂಭದ ದಿನಗಳಲ್ಲಿ ನುಂಗುವ ತೊಂದರೆ ಇರುತ್ತದೆ. ಅನೇಕರಲ್ಲಿ ಇದು ಕೆಲವು ವಾರಗಳಲ್ಲಿ ತಾನಾಗಿಯೇ ಸುಧಾರಿಸುತ್ತದೆ. ಆ ವಾರಗಳನ್ನು ಸುರಕ್ಷಿತವಾಗಿ ದಾಟಿಸುವುದೇ ಆಸ್ಪತ್ರೆಯ ಕೆಲಸ.

ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ಪ್ರಾಂತ್ಯದ 19 ಪಾರ್ಶ್ವವಾಯು ಘಟಕಗಳಲ್ಲಿ ನಡೆದ ಅಧ್ಯಯನವೊಂದು ಈ ಮಾತಿಗೆ ಪುಷ್ಟಿ ನೀಡುತ್ತದೆ. 2011ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಶುಶ್ರೂಷಕಿಯರಿಗೆ ಕಲಿಸಿಕೊಟ್ಟದ್ದು ಮೂರೇ ಸಂಗತಿ: ಜ್ವರ ನೋಡುವುದು, ಸಕ್ಕರೆ ಪ್ರಮಾಣ ನೋಡುವುದು, ನುಂಗುವ ಶಕ್ತಿ ನೋಡುವುದು. ಈ ಮೂರನ್ನು ಕ್ರಮಬದ್ಧವಾಗಿ ಮಾಡಿದ ಘಟಕಗಳಲ್ಲಿ 90 ದಿನಗಳ ನಂತರ ಮೃತಪಟ್ಟಿದ್ದ ಅಥವಾ ಪರಾವಲಂಬಿಗಳಾಗಿದ್ದ ರೋಗಿಗಳ ಪ್ರಮಾಣ ಶೇ.42. ಮಾಮೂಲಿ ರೀತಿಯ ಘಟಕಗಳಲ್ಲಿ ಅದು ಶೇ.58. ಹೊಸ ಔಷಧಿಯಿಲ್ಲ, ಹೊಸ ಯಂತ್ರವಿಲ್ಲ. ಶುಶ್ರೂಷೆಯ ಶಿಸ್ತೊಂದರಿಂದಲೇ ಇಷ್ಟು ಅಂತರ!

ನುಂಗುವ ಪರೀಕ್ಷೆ ಕಷ್ಟದ್ದೇನಲ್ಲ. ರೋಗಿ ಎಚ್ಚರವಾಗಿರಬೇಕು, ಎದ್ದು ಕೂರುವಂತಿರಬೇಕು. ಮೊದಲು ಚಮಚದಲ್ಲಿ ಕೆಲವು ಗುಟುಕು. ಅದು ಸರಿಹೋದರೆ ಸುಮಾರು 90 ಮಿಲಿಲೀಟರ್ ನೀರನ್ನು ನಿಲ್ಲಿಸದೆ ಕುಡಿಯಲು ಹೇಳಲಾಗುತ್ತದೆ. ಮಧ್ಯೆ ನಿಲ್ಲಿಸಿದರೆ, ಕೆಮ್ಮಿದರೆ, ಕುಡಿದ ಒಂದು ನಿಮಿಷದೊಳಗೆ ದನಿ ಗೊರಗೊರ ಎಂದರೆ ಬಾಯಿಯ ಮೂಲಕ ಆಹಾರ ಸದ್ಯಕ್ಕೆ ಬೇಡ. ತರಬೇತಿ ಪಡೆದ ಶುಶ್ರೂಷಕಿ ಐದು ನಿಮಿಷದಲ್ಲಿ ಮುಗಿಸಬಹುದಾದ ಕೆಲಸವಿದು. ಈ ಪರೀಕ್ಷೆ ಆಗುವವರೆಗೆ ಮಾತ್ರೆಯೂ ಸೇರಿದಂತೆ ಏನನ್ನೂ ಬಾಯಿಗೆ ಹಾಕಬಾರದು ಎಂಬುದು ಸ್ಥಾಪಿತ ನಿಯಮ.

ಕೆಮ್ಮದ ಕೆಮ್ಮು

ಉಣ್ಣುವಾಗ ಅಥವಾ ಉಂಡ ಮೇಲೆ ಕೆಮ್ಮು, ನೀರು ತುಂಬಿದಂತೆ ಕೇಳಿಸುವ ದನಿ, ಕಣ್ಣಲ್ಲಿ ನೀರು, ಕೆನ್ನೆಯೊಳಗೆ ಉಳಿದುಹೋದ ಅನ್ನ, ಒಂದು ತುತ್ತಿಗೆ ಮೂರು ನಾಲ್ಕು ಬಾರಿ ನುಂಗುವ ಪ್ರಯತ್ನ. ಇವು ಯಾರಿಗಾದರೂ ಕಾಣುವ ಲಕ್ಷಣಗಳು. ಊಟದ ನಂತರ ಉಸಿರಿನ ವೇಗ ಹೆಚ್ಚುವುದು, ಆಕ್ಸಿಮೀಟರ್‌ನಲ್ಲಿ ಆಮ್ಲಜನಕದ ಅಂಕಿ ಕುಸಿಯುವುದು, ಸಂಜೆಯ ಜ್ವರ, ದುರ್ವಾಸನೆಯ ಕಫ ಇವು ಮುಂದಿನ ಹಂತ. ವಯಸ್ಸಾದವರಲ್ಲಿ ಜ್ವರವೂ ಬಾರದೆ ಬರಿಯ ಗೊಂದಲ, ಮಂಕುತನ, ಊಟ ನಿರಾಕರಣೆಯೇ ಮೊದಲ ಚಿಹ್ನೆಯಾಗಿರಬಹುದು. ಮೊದಲ ದಿನದ ಎಕ್ಸ್‌ರೇ ಸರಿಯಾಗಿದೆ ಎಂದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ. ಮಬ್ಬು ಕಾಣಿಸಿಕೊಳ್ಳಲು ಸಮಯ ಹಿಡಿಯುತ್ತದೆ.

ಎಲ್ಲಕ್ಕಿಂತ ಅಪಾಯಕಾರಿಯಾದದ್ದು ಕೆಮ್ಮೇ ಬಾರದ ಬಗೆ. ಗಂಟಲಿನ ಸ್ಪರ್ಶಜ್ಞಾನ ಕುಂದಿದವರಲ್ಲಿ ಅನ್ನ ಶ್ವಾಸನಾಳಕ್ಕೆ ಇಳಿದರೂ ದೇಹ ಪ್ರತಿಭಟಿಸುವುದಿಲ್ಲ. 'ಚೆನ್ನಾಗಿ ಊಟ ಮಾಡಿದರು, ಒಮ್ಮೆಯೂ ಕೆಮ್ಮಲಿಲ್ಲ' ಎಂದು ಮನೆಯವರು ಸಂತೋಷಪಡುವ ಹೊತ್ತಿಗೇ ಹಾನಿ ನಡೆದಿರುತ್ತದೆ. ಇಂತಹವರಲ್ಲಿ ಹಾಸಿಗೆ ಬಳಿಯ ನೀರಿನ ಪರೀಕ್ಷೆಯೂ ಮೋಸ ಹೋಗಬಹುದು. ಆದ್ದರಿಂದಲೇ ಅನುಮಾನವಿದ್ದರೆ ನುಂಗುವ ಕ್ರಿಯೆಯನ್ನು ಎಕ್ಸ್‌ರೇ ವಿಡಿಯೊ ಅಥವಾ ಮೂಗಿನ ಮೂಲಕ ಇಳಿಸುವ ಸಪೂರ ಎಂಡೊಸ್ಕೋಪ್ ನೆರವಿನಿಂದ ಪರೀಕ್ಷಿಸಬೇಕಾಗುತ್ತದೆ.

ಆಗಿಹೋದರೆ ಮುಂದೇನು?

ರೋಗಿ ಉಸಿರುಗಟ್ಟಿದಂತೆ ಕಂಡಾಗ ಪಕ್ಕದಲ್ಲಿರುವವರು ಮೊದಲು ಮಾಡುವ ಕೆಲಸ ಇನ್ನೊಂದು ಗುಟುಕು ನೀರು ಕೊಡುವುದು. ಮಾಡಬಾರದ ಕೆಲಸವೂ ಅದೇ. ತಿನ್ನಿಸುವುದನ್ನು ತಕ್ಷಣ ನಿಲ್ಲಿಸಬೇಕು. ಕೆಮ್ಮುತ್ತಿರುವವರನ್ನು ಮುಂದಕ್ಕೆ ಬಾಗಿಸಿ ಕೆಮ್ಮಲು ಬಿಡಬೇಕು. ಎಚ್ಚರ ತಪ್ಪಿದ್ದರೆ ಅಥವಾ ವಾಂತಿಯಾಗುತ್ತಿದ್ದರೆ ಮಗ್ಗುಲಿಗೆ ಹೊರಳಿಸಿ, ತಲೆ ತಗ್ಗಿನಲ್ಲಿರುವಂತೆ ನೋಡಿಕೊಂಡು ದಾದಿಯನ್ನು ಕೂಗಬೇಕು. ಗಟ್ಟಿ ತುತ್ತು ಸಿಲುಕಿ ದನಿಯೂ ಉಸಿರೂ ಹೊರಡದಿದ್ದಾಗ ಬೆನ್ನಿನ ನಡುವೆ ಬಲವಾದ ಹೊಡೆತ, ಫಲಿಸದಿದ್ದರೆ ಹೊಟ್ಟೆಯನ್ನು ಹಿಂದಿನಿಂದ ಒತ್ತುವ ಕ್ರಮ ಜೀವ ಉಳಿಸುತ್ತದೆ. ನೆತ್ತಿ ತಟ್ಟುವುದರಿಂದ ಪ್ರಯೋಜನವಿಲ್ಲ.

ಮುಂದಿನದು ಆಸ್ಪತ್ರೆಯ ಸಿಬ್ಬಂದಿಯ ಪಾಲಿನದು. ಸಕ್ಷನ್ ಯಂತ್ರದಿಂದ ಬಾಯಿ ಗಂಟಲನ್ನು ಶುಚಿಗೊಳಿಸುವುದು, ಆಮ್ಲಜನಕ ನೀಡುವುದು, ಅಗತ್ಯವಿದ್ದರೆ ಶ್ವಾಸನಾಳಕ್ಕೆ ನಳಿಕೆ ಇಳಿಸಿ ವೆಂಟಿಲೇಟರ್ ನೆರವು ಕೊಡುವುದು, ಗಟ್ಟಿ ಪದಾರ್ಥ ಸಿಲುಕಿದ್ದರೆ ಬ್ರಾಂಕೋಸ್ಕೋಪ್‌ನಿಂದ ಹೊರತೆಗೆಯುವುದು. ಮಂಚದ ಪಕ್ಕದ ಸಕ್ಷನ್ ಯಂತ್ರ ಕೆಲಸ ಮಾಡುವ ಸ್ಥಿತಿಯಲ್ಲಿದೆಯೇ ಎಂಬುದು ಆ ಕ್ಷಣದಲ್ಲಿ ಸಾವು ಬದುಕಿನ ಪ್ರಶ್ನೆ.

ಇಲ್ಲೊಂದು ಎಚ್ಚರಿಕೆಯ ಮಾತೂ ಇದೆ. ಆಸ್ಪಿರೇಷನ್ ಆಯಿತೆಂದ ಕೂಡಲೇ ಪ್ರಬಲ ಆಂಟಿಬಯೋಟಿಕ್ ಆರಂಭಿಸುವುದು ಅನೇಕ ಕಡೆ ರೂಢಿ. ಔಷಧಿ ಶುರುಮಾಡದಿದ್ದರೆ ನಿರ್ಲಕ್ಷ್ಯವೆಂದು ರೋಗಿಯ ಕಡೆಯವರೂ ಭಾವಿಸುತ್ತಾರೆ. ಆದರೆ ಆಮ್ಲದಿಂದಾದ ಉರಿಯೂತಕ್ಕೆ ಆಂಟಿಬಯೋಟಿಕ್ ಮದ್ದಲ್ಲ. ಸ್ಟಿರಾಯ್ಡ್‌ನಿಂದಲೂ ಲಾಭ ಕಂಡುಬಂದಿಲ್ಲ. ಸ್ಥಿತಿ ಸ್ಥಿರವಾಗಿರುವವರಲ್ಲಿ 48 ಗಂಟೆಗಳ ನಿಗಾ, ಸೋಂಕಿನ ಲಕ್ಷಣ ಉಳಿದರೆ ಅಥವಾ ಉಲ್ಬಣಿಸಿದರೆ ಮಾತ್ರ ಔಷಧಿ ಎಂಬುದು ಇಂದಿನ ವಿವೇಕ. ನ್ಯುಮೋನಿಯಾ ಖಚಿತವಾದಾಗಲೂ ಆಮ್ಲಜನಕವಿಲ್ಲದೆ ಬದುಕುವ ರೋಗಾಣುಗಳಿಗೆಂದು ಹೆಚ್ಚುವರಿ ಔಷಧಿಯನ್ನು ಮಾಮೂಲಾಗಿ ಸೇರಿಸಬೇಕಿಲ್ಲ, ಶ್ವಾಸಕೋಶದಲ್ಲಿ ಕೀವುಗಟ್ಟಿದ ಶಂಕೆಯಿದ್ದರೆ ಮಾತ್ರ ಸಾಕು ಎಂದು ಅಮೆರಿಕದ ಎದೆರೋಗ ಮತ್ತು ಸೋಂಕುರೋಗ ತಜ್ಞರ ಸಂಘಗಳ 2019ರ ಮಾರ್ಗಸೂಚಿ ಹೇಳಿದೆ. ತೀವ್ರ ನಿಗಾ ಘಟಕದ ಬಿಲ್ಲಿನಲ್ಲಿ ಔಷಧಿಯ ಪಾಲೆಷ್ಟು ಎಂಬುದನ್ನು ಬಲ್ಲ ಕುಟುಂಬಗಳಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ನಳಿಕೆ ಇದ್ದರೆ ನಿಶ್ಚಿಂತೆಯೇ?

ಬಾಯಿಯಿಂದ ಕೊಡಲಾಗದವರಿಗೆ ಮೂಗಿನ ಮೂಲಕ ಜಠರಕ್ಕೆ ಇಳಿಸುವ ನಳಿಕೆ ಎಲ್ಲ ವಾರ್ಡುಗಳಲ್ಲೂ 'ರೈಲ್ಸ್ ಟ್ಯೂಬ್' ಎಂದೇ ಪರಿಚಿತ. ಇಂಗ್ಲೆಂಡಿನ ವೈದ್ಯ ಜಾನ್ ರೈಲ್ ಅವರಿಂದ ಬಂದ ಹೆಸರಿದು. ನಳಿಕೆ ಹಾಕಿದ ಮೇಲೆ ಆಸ್ಪಿರೇಷನ್ ಭಯವಿಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ಸರಿಯಲ್ಲ. ಜೊಲ್ಲು ಗಂಟಲಿಗೆ ಇಳಿಯುತ್ತಲೇ ಇರುತ್ತದೆ. ಜಠರದ ದ್ರವ ನಳಿಕೆಯ ಪಕ್ಕದಿಂದಲೇ ಮೇಲೇರಬಹುದು. ನಳಿಕೆಯೇ ಶ್ವಾಸನಾಳಕ್ಕೆ ಹೊಕ್ಕಿರುವ ಸಾಧ್ಯತೆಯೂ ಉಂಟು.

ಸಿರಿಂಜಿನಿಂದ ಗಾಳಿ ತಳ್ಳಿ ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಸದ್ದು ಕೇಳಿ ನಳಿಕೆ ಸರಿಯಾದ ಜಾಗದಲ್ಲಿದೆ ಎಂದು ತೀರ್ಮಾನಿಸುವುದು ಇಲ್ಲಿ ಇಂದಿಗೂ ಬಳಕೆಯಲ್ಲಿರುವ ಕ್ರಮ. ಶ್ವಾಸಕೋಶಕ್ಕೆ ಹೋದ ಗಾಳಿಯ ಸದ್ದೂ ಅಲ್ಲಿ ಕೇಳಿಸಬಹುದಾದ್ದರಿಂದ ಬ್ರಿಟನ್ನಿನ ರೋಗಿ ಸುರಕ್ಷತಾ ಸಂಸ್ಥೆ 2005ರಲ್ಲೇ ಇದನ್ನು ನಂಬಬೇಡಿ ಎಂದು ಎಚ್ಚರಿಸಿತು. ಹೊರಸೆಳೆದ ದ್ರವದ ಆಮ್ಲೀಯತೆಯನ್ನು ಪಟ್ಟಿಯಿಂದ ಪರೀಕ್ಷಿಸಿ ಪಿಎಚ್ 5.5 ಅಥವಾ ಅದಕ್ಕಿಂತ ಕಡಿಮೆ ಇರುವುದನ್ನು ಖಚಿತಪಡಿಸಿಕೊಳ್ಳಬೇಕು, ಇಲ್ಲವಾದರೆ ಎಕ್ಸ್‌ರೇ ತೆಗೆಯಬೇಕು. ತಪ್ಪು ಜಾಗದಲ್ಲಿರುವ ನಳಿಕೆಗೆ ಆಹಾರ ಬಿಡುವುದನ್ನು ಇಂಗ್ಲೆಂಡಿನಲ್ಲಿ 'ಎಂದೂ ನಡೆಯಬಾರದ ಘಟನೆ'ಗಳ ಪಟ್ಟಿಗೆ ಸೇರಿಸಲಾಗಿದೆ.

ನಳಿಕೆಯಲ್ಲಿ ಆಹಾರ ಕೊಡುವಾಗ ಮತ್ತು ಅನಂತರ ಅರ್ಧದಿಂದ ಒಂದು ಗಂಟೆಯವರೆಗೆ ಮಂಚದ ತಲೆಭಾಗ 30ರಿಂದ 45 ಡಿಗ್ರಿ ಎತ್ತರದಲ್ಲಿರಬೇಕು. ಸಿರಿಂಜನ್ನು ಒತ್ತಿ ತಳ್ಳದೆ ತಾನಾಗಿ ಇಳಿಯಲು ಬಿಡಬೇಕು. ಇಷ್ಟು ಸಣ್ಣ ಸಂಗತಿಯ ಬೆಲೆ ಎಷ್ಟೆಂಬುದನ್ನು ಸ್ಪೇನಿನ ಬಾರ್ಸಿಲೋನಾದಲ್ಲಿ ವೆಂಟಿಲೇಟರ್ ಮೇಲಿದ್ದ 86 ರೋಗಿಗಳ ಅಧ್ಯಯನ 1999ರಲ್ಲಿ ತೋರಿಸಿತು. ಅಂಗಾತ ಮಲಗಿದ್ದವರಲ್ಲಿ ಶೇ.34 ಮಂದಿಗೆ ನ್ಯುಮೋನಿಯಾದ ಶಂಕೆ ಮೂಡಿದರೆ, ತಲೆಭಾಗ ಎತ್ತಿ ಮಲಗಿಸಿದವರಲ್ಲಿ ಅದು ಶೇ.8 ಮಾತ್ರ.

ಬಾಯಿಯ ಶುಚಿತ್ವದ್ದೂ ಇದೇ ಕಥೆ. ಜಪಾನಿನ 11 ವೃದ್ಧಾಲಯಗಳಲ್ಲಿ ಎರಡು ವರ್ಷ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ರತಿ ಊಟದ ನಂತರ ಹಲ್ಲುಜ್ಜಿಸಿಕೊಂಡವರಲ್ಲಿ ನ್ಯುಮೋನಿಯಾ ಶೇ.11ಕ್ಕೆ ಇಳಿದರೆ ಉಳಿದವರಲ್ಲಿ ಶೇ.19ರಷ್ಟಿತ್ತು. ಬಾಯಿಂದ ತಿನ್ನದವರಿಗೆ ಹಲ್ಲುಜ್ಜುವುದೇಕೆ ಎಂಬ ಪ್ರಶ್ನೆ ಸಹಜ. ನಿಜಕ್ಕೂ ಹೆಚ್ಚು ಬೇಕಿರುವುದು ಅವರಿಗೇ. ಒಣಗಿದ ಬಾಯಿಯಲ್ಲಿ ಬೆಳೆದ ರೋಗಾಣುಗಳೇ ಜೊಲ್ಲಿನೊಂದಿಗೆ ಕೆಳಗಿಳಿಯುತ್ತವೆ.

ಮುಚ್ಚಿಟ್ಟ ಕಾಫಿ

ಶಸ್ತ್ರಚಿಕಿತ್ಸೆಗೆ ಮುನ್ನ ಉಪವಾಸವೇಕೆ ಎಂಬುದು ಮೆಂಡೆಲ್ಸನ್ ಕಾಲದಿಂದಲೂ ವೈದ್ಯರಿಗೆ ಗೊತ್ತು. ಆದರೆ ರೋಗಿಗೆ ಅದರ ಕಾರಣ ಹೇಳುವವರು ಕಡಿಮೆ. 'ಖಾಲಿ ಹೊಟ್ಟೆಯಲ್ಲಿ ಬನ್ನಿ' ಎಂಬ ಆದೇಶ ಮಾತ್ರ ಸಿಗುತ್ತದೆ. ಕಾರಣ ತಿಳಿಯದ ಅಜ್ಜಿ ಅಳುವ ಮೊಮ್ಮಗುವಿಗೆ ಹಾಲು ಕುಡಿಸುತ್ತಾಳೆ. ತಲೆನೋವು ತಾಳದ ಯಜಮಾನರು ಕ್ಯಾಂಟೀನಿನಲ್ಲಿ ಕಾಫಿ ಮುಗಿಸಿ ಬಂದು, ಕೇಳಿದರೆ ಇಲ್ಲವೆನ್ನುತ್ತಾರೆ. ಹೇಳಿದ್ದರೆ ಕೆಲವು ಗಂಟೆ ಮುಂದೂಡುತ್ತಿದ್ದರು, ಅಷ್ಟೆ. ಮುಚ್ಚಿಟ್ಟದ್ದರಿಂದ ಪ್ರಾಣಕ್ಕೇ ಸಂಚಕಾರ ಬರಬಹುದು. ಶ್ವಾಸಮಾರ್ಗದ ತೊಡಕುಗಳ ಬಗ್ಗೆ ಬ್ರಿಟನ್ ನಡೆಸಿದ ರಾಷ್ಟ್ರೀಯ ಪರಿಶೀಲನೆಯ 2011ರ ವರದಿಯ ಪ್ರಕಾರ, ಅರಿವಳಿಕೆಯ ವೇಳೆ ಅಂತಹ ತೊಡಕಿನಿಂದಾದ ಸಾವುಗಳಿಗೆ ಅತಿ ದೊಡ್ಡ ಕಾರಣ ಆಸ್ಪಿರೇಷನ್.

ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ಲೆಕ್ಕ ಸರಳ: ನೀರಿನಂತಹ ತಿಳಿದ್ರವಕ್ಕೆ 2 ಗಂಟೆ, ತಾಯಿಹಾಲಿಗೆ 4 ಗಂಟೆ, ಇತರ ಹಾಲು ಹಾಗೂ ಲಘು ಆಹಾರಕ್ಕೆ 6 ಗಂಟೆ, ಎಣ್ಣೆ ಜಿಡ್ಡಿನ ಊಟಕ್ಕೆ 8 ಗಂಟೆ. ಹಾಲು ಬೆರೆತ ಕಾಫಿ ತಿಳಿದ್ರವವಲ್ಲ. ಹಾಗೆಂದು ಮಧ್ಯಾಹ್ನದ ಶಸ್ತ್ರಚಿಕಿತ್ಸೆಗೆ ಹಿಂದಿನ ರಾತ್ರಿಯಿಂದಲೇ ಒಂದು ಹನಿ ನೀರೂ ಕೊಡದೆ ಕೂರಿಸುವುದೂ ಸರಿಯಲ್ಲ. ಅತಿಯಾದ ಉಪವಾಸವೇ ಜನ ಕದ್ದು ಕುಡಿಯುವಂತೆ ಮಾಡುತ್ತದೆ ಎಂಬುದನ್ನು ಆಸ್ಪತ್ರೆಗಳೂ ಅರಿಯಬೇಕು.

ಈ ಲೆಕ್ಕವನ್ನು ಈಗ ಹೊಸ ಔಷಧಿಗಳು ಏರುಪೇರು ಮಾಡಿವೆ. ಮಧುಮೇಹಕ್ಕೂ ತೂಕ ಇಳಿಕೆಗೂ ಬಳಸುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಮುಂತಾದವು ಜಠರ ಖಾಲಿಯಾಗುವ ವೇಗವನ್ನು ತಗ್ಗಿಸುತ್ತವೆ. ಎಂಟು ಗಂಟೆ ಉಪವಾಸವಿದ್ದವರ ಹೊಟ್ಟೆಯಲ್ಲೂ ಅನ್ನ ಉಳಿದಿರಬಹುದು. ಅಮೆರಿಕದ ಅರಿವಳಿಕೆ ತಜ್ಞರ ಸಂಘ 2023ರಲ್ಲಿ ವಾರಕ್ಕೊಮ್ಮೆಯ ಚುಚ್ಚುಮದ್ದನ್ನು ಶಸ್ತ್ರಚಿಕಿತ್ಸೆಗೆ ಒಂದು ವಾರ ಮೊದಲೇ ನಿಲ್ಲಿಸುವಂತೆ ಸೂಚಿಸಿತ್ತು. 2024ರಲ್ಲಿ ಹಲವು ತಜ್ಞ ಸಂಘಗಳು ಒಟ್ಟಾಗಿ, ಪ್ರತಿ ರೋಗಿಯ ಅಪಾಯವನ್ನು ಅಳೆದು ನಿರ್ಧರಿಸಬೇಕೆಂದು ಆ ಸಲಹೆಯನ್ನು ಸಡಿಲಿಸಿದವು. ಅದೇ ವರ್ಷ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಔಷಧಿಗಳ ಮಾಹಿತಿ ಪತ್ರದಲ್ಲಿ ಆಸ್ಪಿರೇಷನ್ ಎಚ್ಚರಿಕೆಯನ್ನು ಸೇರಿಸಿತು. ಟಿರ್ಜೆಪಟೈಡ್ ಹಾಗೂ ತೂಕ ಇಳಿಕೆಗೆಂದೇ ತಯಾರಾದ ಸೆಮಾಗ್ಲುಟೈಡ್ ಚುಚ್ಚುಮದ್ದು ಭಾರತಕ್ಕೆ ಕಾಲಿಟ್ಟದ್ದು 2025ರಲ್ಲಿ. ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯಂತಹ ನಗರಗಳಲ್ಲಿ ಇವನ್ನು ಬಳಸುವವರು, ಎಂಡೊಸ್ಕೋಪಿಯಂತಹ ಚಿಕ್ಕ ತಪಾಸಣೆಗೆ ಹೋಗುವಾಗಲೂ ಅರಿವಳಿಕೆ ವೈದ್ಯರಿಗೆ ಮುಂಚಿತವಾಗಿ ತಿಳಿಸುವುದು ಕ್ಷೇಮ.

ಹೊಣೆಯ ಪ್ರಶ್ನೆ

ಇಷ್ಟೆಲ್ಲ ಗೊತ್ತಿದ್ದೂ ವಾರ್ಡಿನ ನೋಟ ಬದಲಾಗದಿರುವುದೇಕೆ? ಉತ್ತರ ಮಂಚದ ಪಕ್ಕದ ಸ್ಟೂಲಿನಲ್ಲಿದೆ. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಂತೆ ಬೋಧಕ ಆಸ್ಪತ್ರೆಗಳಲ್ಲಿ ಮೂವರು ರೋಗಿಗಳಿಗೆ ಒಬ್ಬರು, ಸಾಮಾನ್ಯ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬರು ಶುಶ್ರೂಷಕರಿರಬೇಕು. ರಾತ್ರಿ ಪಾಳಿಯ ವಾರ್ಡಿಗೆ ಹೋಗಿ ಬಂದ ಯಾರಿಗೂ ಈ ಮಾನದಂಡ ಕಾಗದದ್ದೆಂದು ಬೇರೆ ಹೇಳಬೇಕಿಲ್ಲ. ಚುಚ್ಚುಮದ್ದು, ಡ್ರಿಪ್, ದಾಖಲೆ ಪುಸ್ತಕಗಳ ನಡುವೆ ರೋಗಿಗೆ ತುತ್ತು ಉಣಿಸುವ ಕೆಲಸ ಸಹಜವಾಗಿಯೇ ಮನೆಯವರ ಪಾಲಿಗೆ ಬರುತ್ತದೆ. ಹೀಗೆ ಆಸ್ಪತ್ರೆಯ ಅತ್ಯಂತ ಅಪಾಯಕಾರಿ ಕೆಲಸಗಳಲ್ಲೊಂದು, ಏನನ್ನೂ ಹೇಳಿಕೊಡದ ಕೈಗೆ ಒಪ್ಪಿಸಲ್ಪಟ್ಟಿದೆ. ಅನಾಹುತವಾದಾಗ 'ನೀವೇ ತಿನ್ನಿಸಿದಿರಿ' ಎಂಬ ಮಾತು ಆ ಕೈಯ ಮೇಲೇ ಬೀಳುತ್ತದೆ. ಆ ಅಪರಾಧಿ ಭಾವವನ್ನು ಮನೆಯವರು ಜೀವನಪರ್ಯಂತ ಹೊತ್ತಿರುತ್ತಾರೆ.

ಹಾಗಾದರೆ ಆ ಕೈಗೆ ಕಲಿಸಬಾರದೇಕೆ? ರೋಗಿಯ ಕಡೆಯವರಿಗೇ ಆರೈಕೆಯ ತರಬೇತಿ ನೀಡುವ ಕಾರ್ಯಕ್ರಮವನ್ನು ನೂರಾ ಹೆಲ್ತ್ ಸಂಸ್ಥೆ ಬೆಂಗಳೂರಿನಲ್ಲೇ ಆರಂಭಿಸಿ ಸರ್ಕಾರಿ ಆಸ್ಪತ್ರೆಗಳಿಗೂ ವಿಸ್ತರಿಸಿದ ಉದಾಹರಣೆ ಕಣ್ಣ ಮುಂದಿದೆ. ನವಜಾತ ಶಿಶುವಿನ, ಹೃದ್ರೋಗಿಯ ಆರೈಕೆ ಕಲಿಸಬಹುದಾದರೆ ತುತ್ತು ಉಣಿಸುವುದನ್ನೂ ಕಲಿಸಬಹುದು. ಕೂರಿಸಿ ತಿನ್ನಿಸುವುದು, ಗದ್ದ ತುಸು ತಗ್ಗಿಸುವುದು, ಚಿಕ್ಕ ಚಮಚ, ಒಂದು ತುತ್ತು ಇಳಿದ ಮೇಲಷ್ಟೇ ಮತ್ತೊಂದು, ಟಿವಿ ಮಾತುಕತೆಗಳ ಗದ್ದಲವಿಲ್ಲದ ಊಟ, ಉಂಡ ನಂತರ ಅರ್ಧ ಗಂಟೆ ಮಲಗಿಸದಿರುವುದು. ಹತ್ತು ನಿಮಿಷದ ಪಾಠವಿದು. ತೆಳುವಾದ ನೀರು, ಎಳನೀರಿಗಿಂತ ಮಂದವಾದ ಗಂಜಿ ಕೆಲವರಿಗೆ ಸುಲಭ. ಅನ್ನದಗುಳು ತಿಳಿಸಾರಿನಲ್ಲಿ ತೇಲುವಂತಹ ಊಟ ನುಂಗಲು ಹೆಚ್ಚು ಕಷ್ಟ. ಯಾರಿಗೆ ಯಾವುದು ಹೊಂದುತ್ತದೆ ಎಂಬುದನ್ನು ಹೇಳಬೇಕಾದವರು ನುಂಗುವಿಕೆಯ ತಜ್ಞರು.

ಆ ತಜ್ಞರು ರಾಜ್ಯಕ್ಕೆ ಅಪರಿಚಿತರಲ್ಲ. ಆರು ದಶಕಗಳ ಹಿಂದೆ ಮೈಸೂರಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿಂದ ಹೊರಬಂದ ವಾಕ್ ಚಿಕಿತ್ಸಕರು ದೇಶ ವಿದೇಶಗಳಲ್ಲಿದ್ದಾರೆ. ಮಂಗಳೂರು, ಮಣಿಪಾಲಗಳಲ್ಲೂ ಈ ಶಿಕ್ಷಣವಿದೆ. ಇವರ ಕೆಲಸ ಮಾತು ಕಲಿಸುವುದಷ್ಟೇ ಎಂಬ ತಪ್ಪು ತಿಳಿವಳಿಕೆಯಿಂದಾಗಿ ವಯಸ್ಕರ ವಾರ್ಡುಗಳಿಗೆ ಅವರು ಕಾಲಿಡುವುದು ಅಪರೂಪ. ಜಿಲ್ಲೆಗಳಲ್ಲಿ ಮಕ್ಕಳಿಗಾಗಿ ಇರುವ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳ ಮಾರ್ಗಸೂಚಿಯಲ್ಲಿ ವಾಕ್ ಚಿಕಿತ್ಸಕರ ಹುದ್ದೆಗೆ ಅವಕಾಶವಿದೆ. ಅವರ ಸೇವೆಯನ್ನು ಪಕ್ಕದ ಕಟ್ಟಡದ ಪಾರ್ಶ್ವವಾಯು ರೋಗಿಗಳಿಗೂ ವಿಸ್ತರಿಸಲು ದೊಡ್ಡ ಬಜೆಟ್ ಬೇಕಿಲ್ಲ, ಒಂದು ಸುತ್ತೋಲೆ ಸಾಕು.

ಎಣಿಕೆಯ ಪ್ರಶ್ನೆಯೂ ಇದೆ. ಇಂತಹ ಸಾವುಗಳು ಮರಣ ಪ್ರಮಾಣಪತ್ರದಲ್ಲಿ 'ಹೃದಯ ಸ್ತಂಭನ' ಎಂದೋ, ಬರಿಯ 'ನ್ಯುಮೋನಿಯಾ' ಎಂದೋ ದಾಖಲಾಗಿ ಮುಗಿಯುತ್ತವೆ. ಅಂತರರಾಷ್ಟ್ರೀಯ ರೋಗ ವರ್ಗೀಕರಣದಲ್ಲಿ ಇದಕ್ಕೆ ಪ್ರತ್ಯೇಕ ಸಂಕೇತವೇ ಇದ್ದರೂ ಬಳಸುವ ಪರಿಪಾಠವಿಲ್ಲ. ವೃದ್ಧರ ದೇಶವಾದ ಜಪಾನ್ ಆಸ್ಪಿರೇಷನ್ ನ್ಯುಮೋನಿಯಾವನ್ನು 2017ರಿಂದ ಮರಣ ಅಂಕಿಅಂಶಗಳಲ್ಲಿ ಪ್ರತ್ಯೇಕವಾಗಿ ಎಣಿಸುತ್ತಿದೆ. ಅಲ್ಲಿ ಅದು ಮೊದಲ ಹತ್ತು ಕಾರಣಗಳಲ್ಲೊಂದು. ಕರ್ನಾಟಕದಲ್ಲಿ 60 ದಾಟಿದವರ ಪ್ರಮಾಣ 2011ರ ಜನಗಣತಿಯಲ್ಲೇ ಶೇ.9.5ರಷ್ಟಿತ್ತು, ಅದು ಏರುತ್ತಲೇ ಇದೆ. ಎಣಿಸದ ಸಾವಿಗೆ ಹೊಣೆಗಾರರೂ ಇರುವುದಿಲ್ಲ, ಅನುದಾನವೂ ಇರುವುದಿಲ್ಲ.

ಕೊನೆಯ ಗುಟುಕು

ಎಲ್ಲ ರೋಗಿಗಳಿಗೂ 'ಬಾಯಿಗೆ ಏನೂ ಬೇಡ' ಎಂಬ ಫಲಕ ತೂಗುಹಾಕುವುದೇ ಪರಿಹಾರವೆಂದು ಇದರ ಅರ್ಥವಲ್ಲ. ಮರೆಗುಳಿತನದ ಕೊನೆಯ ಹಂತದಲ್ಲಿರುವವರಿಗೆ ನಳಿಕೆ ಹಾಕುವುದಕ್ಕಿಂತ ತಾಳ್ಮೆಯಿಂದ ಕೈತುತ್ತು ಕೊಡುವುದೇ ಮೇಲು ಎಂದು ಅಮೆರಿಕದ ವೃದ್ಧಾಪ್ಯ ತಜ್ಞರ ಸಂಘ 2014ರಲ್ಲೇ ಹೇಳಿದೆ. ಗುಣವಾಗುವ ಭರವಸೆಯಿಲ್ಲದವರು ಅಪಾಯವನ್ನು ಅರಿತೇ ಇಷ್ಟದ ಕಾಫಿಯ ಎರಡು ಗುಟುಕು ಬಯಸಿದರೆ, ಅದನ್ನು ನಿರಾಕರಿಸುವುದು ವೈದ್ಯಕೀಯವೂ ಅಲ್ಲ, ಮಾನವೀಯವೂ ಅಲ್ಲ. ಆ ತೀರ್ಮಾನ ವೈದ್ಯರೂ ರೋಗಿಯೂ ಮನೆಯವರೂ ಕುಳಿತು ಮಾತಾಡಿ ಕೈಗೊಳ್ಳಬೇಕಾದದ್ದು. ಗೊತ್ತಿಲ್ಲದೆ ನಡೆದುಹೋಗಬಾರದು, ಅಷ್ಟೆ.

ಸಾವಿನಂಚಿನಲ್ಲಿರುವವರ ಬಾಯಿಗೆ ನೀರು ಬಿಡುವುದು ಈ ನೆಲದ ಸಂಸ್ಕಾರ. ಮಕ್ಕಳ ಕೈಯಿಂದ ಆ ನೀರು ಸಿಗಲೆಂದು ಹಂಬಲಿಸುವ ಹಿರಿಯರು ಎಷ್ಟೋ. ಒದ್ದೆ ಹತ್ತಿಯಿಂದ ತುಟಿ, ನಾಲಗೆ ತೇವಗೊಳಿಸಿದರೂ ಆ ಋಣ ತೀರುತ್ತದೆ, ಗಂಟಲಿಗೆ ಸುರಿಯಬೇಕಿಲ್ಲ. ಆದರೆ ಬದುಕಿ ಮನೆಗೆ ಮರಳಬೇಕಾದವರಿಗೆ, ಮಂಚದ ಹಿಡಿಕೆ ತಿರುಗಿಸುವವರು ಇಲ್ಲದೆ, ಐದು ನಿಮಿಷದ ಪರೀಕ್ಷೆ ಮಾಡುವವರು ಇಲ್ಲದೆ, ಪ್ರೀತಿಯಿಂದ ಕೊಟ್ಟ ಒಂದು ಚಮಚ ಹಾಲೇ ಕೊನೆಯ ಗುಟುಕಾಗುವುದು ಹಣೆಬರಹವಲ್ಲ. ಅದು ವ್ಯವಸ್ಥೆಯ ಲೋಪ. ಸರಿಪಡಿಸಲು ತಗಲುವ ವೆಚ್ಚ ಅತ್ಯಲ್ಪ ಎಂಬುದೇ ಇಲ್ಲಿನ ದೊಡ್ಡ ವಿಪರ್ಯಾಸ.